ರಕ್ತ ತೆಳು ಮಾಡುವ ಮಾತ್ರೆಯಿಂದ ಕಿವಿನೋವು ಬರುತ್ತಾ? ಅನುಭವ ಇದ್ದವರು ಹೇಳಿ

ಹಾಸನದ ಮಗಳು:
ಅಪ್ಪನಿಗೆ 68. ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಎದೆಬಡಿತ ತಾಳ ತಪ್ಪಿದೆ ಎಂದು, ರಕ್ತ ಹೆಪ್ಪುಗಟ್ಟದಿರಲಿ ಅಂತ ಐದು ತಿಂಗಳಿಂದ ವಾರ್ಫರಿನ್ ಕೊಡುತ್ತಿದ್ದೇವೆ. ಹೋದ ತಿಂಗಳು ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಅಂತ ನೋಡುವ ಟೆಸ್ಟು, ಅಂಕಿ ಏರಿದಷ್ಟೂ ತೆಳು) 2.6 ಇತ್ತು. ಹತ್ತು ದಿನದಿಂದ ಎಡಗಿವಿ ನೋವು. ಎಲ್ಲಾ ಈ ಮಾತ್ರೆಯದೇ ಕಿತಾಪತಿ, ನಿಲ್ಲಿಸುತ್ತೇನೆ ಅಂತ ಹಠ. ಯಾರಿಗಾದರೂ ಹೀಗೆ ಆಗಿತ್ತಾ?

ಸಕಲೇಶಪುರದವನು:
ತಂಗಿ, ನನಗೆ 2014ರಲ್ಲಿ ಹೃದಯದ ಮೈಟ್ರಲ್ ವಾಲ್ವ್ ಬದಲಾಯಿಸಿದರು. ಲೋಹದ್ದು. ರಾತ್ರಿ ಮಲಗಿದರೆ ಟಿಕ್ ಟಿಕ್ ಅಂತ ಹೆಂಡತಿಗೂ ಕೇಳಿಸುತ್ತೆ. ಐಎನ್‌ಆರ್ 2.5ರಿಂದ 3.5ರೊಳಗೆ ಇರಬೇಕು ಅಂತ ಹೇಳಿದ್ದರು, ಇಟ್ಟುಕೊಂಡು ಬಂದಿದ್ದೆ. ಹೋದ ಮಳೆಗಾಲ ಕಿವಿ ನೋಯಿತು. ಮೆಡಿಕಲ್ ಸ್ಟೋರ್‌ಗೆ ಹೋದೆ. ನೋವಿಗೆ ಡೈಕ್ಲೋಫೆನಾಕ್, ಜೊತೆಗೆ ಸಿಪ್ರೋಫ್ಲಾಕ್ಸಸಿನ್ ಅನ್ನೋ ಆಂಟಿಬಯೋಟಿಕ್ ಮಾತ್ರೆ ಕೊಟ್ಟರು. ವಾರ್ಫರಿನ್ ತಗೋತೀನಿ ಅಂತ ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಹಲ್ಲುಜ್ಜಿದರೆ ಬೇಸಿನ್ ತುಂಬಾ ರಕ್ತ. ತೊಡೆ ಮೇಲೆ ಅಂಗೈ ಅಗಲ ನೀಲಿ. ಐಎನ್‌ಆರ್ 7.8!

ಹಾಸನಕ್ಕೆ ಕಾರು 1,900. ನಾಲ್ಕು ದಿನ ವಾರ್ಡು 14,000. ತಲೆ ಸ್ಕ್ಯಾನು 5,200. ಔಷಧಿ, ಟೆಸ್ಟು 6,250. ಒಟ್ಟು 27,350. ವಾರ್ಫರಿನ್ ಜೋರು ಇಳಿಸೋಕೆ ವಿಟಮಿನ್ ಕೆ ಕೊಡುವಾಗಲೂ ಅಳೆದು ಅಳೆದು ಕೊಟ್ಟರು. ಜಾಸ್ತಿಯಾದರೆ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟುತ್ತಂತೆ. ಕೊನೆಗೆ ಕಿವಿಯಲ್ಲಿ ಇದ್ದಿದ್ದು ಏನು ಗೊತ್ತಾ? ಗುಗ್ಗೆ. ಇಎನ್‌ಟಿ ಡಾಕ್ಟರು 800 ರೂಪಾಯಿಗೆ ತೆಗೆದು ಕಳಿಸಿದರು.

ಮೂಡಿಗೆರೆ ತೋಟ:
ಅದಕ್ಕೇ ನಾನು ವಾರ್ಫರಿನ್‌ಗೆ ಕೈಮುಗಿದೆ. 1948ರಲ್ಲಿ ಇಲಿ ಪಾಷಾಣ ಅಂತ ಮಾರಿದ ವಸ್ತು ಅದು, ಹೆಸರು ಬದಲಾಗಿಲ್ಲ. ನನಗೂ ಕಿವಿಯಲ್ಲಿ ಚುಚ್ಚು ಇತ್ತು. ಡಾಕ್ಟರು ಅಪಿಕ್ಸಬಾನ್ ಅನ್ನೋ ರಕ್ತ ತೆಳು ಮಾಡುವ ಹೊಸ ಮಾತ್ರೆಗೆ ಬದಲಾಯಿಸಿದರು. ದಿನಕ್ಕೆ ಎರಡು. ತಿಂಗಳು ತಿಂಗಳು ಐಎನ್‌ಆರ್ ಇಲ್ಲ, ಸೊಪ್ಪಿನ ಲೆಕ್ಕ ಇಲ್ಲ. ವಾರದಲ್ಲಿ ಕಿವಿನೋವೂ ಹೋಯಿತು. ದುಡ್ಡು ಜಾಸ್ತಿ, ಒಪ್ಪುತ್ತೇನೆ. ಆದರೆ ಲ್ಯಾಬಿಗೆ ಅಲೆಯುವ ಬಸ್ಸಿನ ಖರ್ಚು, ಒಂದು ದಿನದ ಆಳಿನ ಕೆಲಸ ನೋಡಿಕೊಳ್ಳೋಕಾಗದ ನಷ್ಟ ಸೇರಿಸಿ ನೋಡಿ.

ಸಕಲೇಶಪುರದವನು:
ಸಾರ್, ನಿಮ್ಮ ಮಾತು ಕೇಳಿ ನಮ್ಮಂಥವರು ಯಾರಾದರೂ ಬದಲಾಯಿಸಿಕೊಂಡರೆ ಪ್ರಾಣ ಹೋಗುತ್ತೆ. ಲೋಹದ ವಾಲ್ವ್ ಇದ್ದವರಿಗೆ ಈ ಹೊಸ ಮಾತ್ರೆಗಳನ್ನು ಕೊಡೋ ಹಾಗಿಲ್ಲ. ಇಲಿ ಪಾಷಾಣ ಅಂತ ಹೆದರಿಸುವ ಬದಲು ಅದನ್ನ ಮೊದಲು ಬರೆಯಿರಿ. 12 ವರ್ಷದಿಂದ ಆ ಪಾಷಾಣವೇ ನನ್ನನ್ನ ಉಳಿಸಿರೋದು.

ಮೂಡಿಗೆರೆ ತೋಟ:
ಕೇಳಿದ್ದು ಎದೆಬಡಿತದ ವಿಚಾರ. ವಾಲ್ವ್ ಎಲ್ಲಿಂದ ಬಂತು?

ಅರಸೀಕೆರೆ ದನದ ಡಾಕ್ಟರು (ನಿವೃತ್ತ):
ಇಲಿಗಿಂತ ಮೊದಲು ದನದ ಕತೆ ಇದೆ. 1920ರ ದಶಕದಲ್ಲಿ ಅಮೆರಿಕ, ಕೆನಡಾದಲ್ಲಿ ಬೂಸ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದು ದನಗಳು ರಕ್ತ ಸುರಿದು ಸತ್ತವು. ಕಾರಣ ಹುಡುಕುತ್ತಾ ಹೋಗಿ ಸಿಕ್ಕಿದ ಔಷಧಿ ಕುಲ ಇದು. 1955ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತ ಆದಾಗ ಕೊಟ್ಟಿದ್ದೂ ವಾರ್ಫರಿನ್ನೇ. ಪಾಷಾಣ, ಔಷಧಿ ಎಲ್ಲಾ ಅಳತೆ ಮೇಲೆ. ಕಿವಿ ಬಗ್ಗೆ ನನಗೆ ಅನುಭವ ಇಲ್ಲ.

ಮೂಡಿಗೆರೆ ತೋಟ:
ಅನುಭವ ಇಲ್ಲದಿದ್ದರೆ ಸುಮ್ನೆ ಯಾಕೆ ಬರೆಯಬೇಕು ಸಾರ್.

ಬಾಳೆಹೊನ್ನೂರು:
ನನಗೆ ನಿಜವಾಗಿಯೂ ಮಾತ್ರೆಯಿಂದಲೇ ಆಗಿತ್ತು, ಒಂಥರಾ. ಶೀತ ಇತ್ತು, ಜೋರಾಗಿ ಸೀನಿದೆ, ಕಿವಿ ಗಪ್ಪಂತ ಮುಚ್ಚಿಕೊಂಡಿತು. ಅತ್ತೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಬಿಡಲು ಬಂದರು, ತಪ್ಪಿಸಿಕೊಂಡೆ. ಡಾಕ್ಟರು ಪರದೆ ಮೇಲೆ ಕಿವಿಯ ತಮಟೆ ತೋರಿಸಿದರು. ನೇರಳೆ ಹಣ್ಣಿನ ಬಣ್ಣ. ಒಳಗೆ ರಕ್ತ ನಿಂತಿತ್ತು. ಐಎನ್‌ಆರ್ 4.9. ಮಾತ್ರೆ ಅಳತೆ ಸರಿಮಾಡಿದರು, ಕಿವಿಗೆ ಏನೂ ಹಾಕಲಿಲ್ಲ. ಒಂದೂವರೆ ತಿಂಗಳಿಗೆ ತಾನಾಗಿಯೇ ಇಳಿಯಿತು. ಇದು ತೀರಾ ಅಪರೂಪ ಅಂದರು. ಆ ಸಲ ಜ್ವರದಲ್ಲಿ ಎರಡು ವಾರ ಗಂಜಿ ಬಿಟ್ಟು ಬೇರೇನೂ ತಿಂದಿರಲಿಲ್ಲ, ಸೊಪ್ಪು ಮುಟ್ಟಿರಲಿಲ್ಲ. ಸೊಪ್ಪಿನಲ್ಲಿರೋ ವಿಟಮಿನ್ ಕೆ ಮಾತ್ರೆಯ ಜೋರು ತಗ್ಗಿಸುತ್ತೆ, ಅದು ಸಿಗದೆ ಐಎನ್‌ಆರ್ ಏರಿದ್ದಂತೆ.

ಕಡೂರು:
ನಮಗೆ ಡಾಕ್ಟರು ಸೊಪ್ಪೇ ಬೇಡ ಅಂದಿದ್ದಾರೆ. ನೀವು ಉಲ್ಟಾ ಹೇಳ್ತೀರಲ್ಲ?

ಬಾಳೆಹೊನ್ನೂರು:
ಬೇಡ ಅಂತಲ್ಲ, ದಿನಾ ಒಂದೇ ಅಳತೆ ಇರಲಿ ಅಂತ. ಆಟಿಯಲ್ಲಿ ಒಂದೇ ವಾರ ಪತ್ರೊಡೆ ಬಾರಿಸಿ ಆಮೇಲೆ ತಿಂಗಳು ಬಿಟ್ಟರೆ ಐಎನ್‌ಆರ್ ಕುಣಿಯುತ್ತೆ. ಬಸ್ಸಾರು, ಮಸ್ಸೊಪ್ಪು ಇಲ್ಲದೆ ನೀವು ಹೇಗೆ ಮುದ್ದೆ ನುಂಗ್ತೀರೋ.

ಕಡೂರು:
ನಾನು ಸ್ಟೆಂಟ್ ಹಾಕಿಸಿದವನು. ಆಸ್ಪಿರಿನ್, ಕ್ಲೋಪಿಡೊಗ್ರೆಲ್. ಕಿವಿಯಲ್ಲಿ ಗುಂಯ್ ಅನ್ನುತ್ತೆ.

ಸಕಲೇಶಪುರದವನು:
ಅದು ಬೇರೆ ಜಾತಿ ಅಣ್ಣ. ನಿಮ್ಮದಕ್ಕೆ ಐಎನ್‌ಆರೂ ಇಲ್ಲ, ಸೊಪ್ಪಿನ ಪಥ್ಯವೂ ಇಲ್ಲ. ಎಲ್ಲರೂ ರಕ್ತ ತೆಳು ಅಂತ ಒಂದೇ ಚೀಲಕ್ಕೆ ತುಂಬಿದರೆ ಹೀಗೇ.

ಬೇಲೂರು ಟೀಚರ್:
ಬೇಡ ಅಂದುಕೊಂಡಿದ್ದೆ, ಆದರೂ ಬರೆಯುತ್ತೇನೆ. ನಮ್ಮ ಅಮ್ಮನಿಗೂ ಎದೆಬಡಿತದ್ದೇ ತೊಂದರೆ, ಕಿವಿನೋವು, ಮಾತ್ರೆ ಮೇಲೆ ಅನುಮಾನ. ನಾನು ದಿನಾ ರಾತ್ರಿ ಕೈಗೆ ಕೊಟ್ಟು ನೀರು ಕೊಡುತ್ತಿದ್ದೆ. ನುಂಗಿದೆಯಾ ಅಂದರೆ ಹೂಂ ಅನ್ನೋರು. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿಯಲು ಹೋದರು, ಬಲಗೈ ಏಳಲಿಲ್ಲ. ಬಾಯಿ ಸೊಟ್ಟಗಾಗಿತ್ತು. ಲಕ್ವ. ಆಸ್ಪತ್ರೆಯಿಂದ ಬಂದಮೇಲೆ ದೇವರ ಗೂಡು ಒರೆಸುವಾಗ ಊದುಬತ್ತಿ ಪ್ಯಾಕೆಟ್ಟಿನಲ್ಲಿ ಮಾತ್ರೆ ಸಿಕ್ಕವು. ಎಣಿಸಿದೆ. 19. ಕೆಲವು ಅರ್ಧ ಕರಗಿದ್ದವು, ಬಾಯಿಂದ ತೆಗೆದದ್ದು.

ಫಿಸಿಯೋಥೆರಪಿ ಮನೆಗೆ ಬಂದರೆ ಒಂದು ಸಲಕ್ಕೆ 400. 62 ಸಲ, 24,800. ಕಿವಿನೋವು ಕೆಳದವಡೆಯ ಕೊಳೆತ ಹಲ್ಲಿನದು. ಹಲ್ಲಿನ ಡಾಕ್ಟರು ಐಎನ್‌ಆರ್ ನೋಡಿ, ವಾರ್ಫರಿನ್ ನಿಲ್ಲಿಸದೆಯೇ ಹಲ್ಲು ಕಿತ್ತರು. ಇದನ್ನು ಮೊದಲೇ ಮಾಡಬಹುದಿತ್ತು.

ಮೂಡಿಗೆರೆ ತೋಟ:
ಟೀಚರಮ್ಮ, ಹೊಸ ಮಾತ್ರೆ ಆಗಿದ್ದರೆ ಈ ತೊಂದರೆ ಬರುತ್ತಿರಲಿಲ್ಲ ಅನ್ನಿಸುತ್ತೆ.

ಬೇಲೂರು ಟೀಚರ್:
ಹೊಸ ಮಾತ್ರೆಯೂ ಊದುಬತ್ತಿ ಪ್ಯಾಕೆಟ್ಟಿಗೇ ಹೋಗುತ್ತಿತ್ತು. ಎರಡು ಹೊತ್ತು ತಪ್ಪಿಸಿದರೆ ಅದರ ಶಕ್ತಿ ಇನ್ನೂ ಬೇಗ ಇಳಿಯುತ್ತೆ. ನಿಮ್ಮ ತೋಟದ ಲೆಕ್ಕ ನಮ್ಮ ಮನೆಗೆ ಹಾಕಬೇಡಿ.

ಹಾಸನದ ಮಗಳು:
ಎಲ್ಲರಿಗೂ ಥ್ಯಾಂಕ್ಸ್. ಇಎನ್‌ಟಿಗೆ ನಾಳೆ ಟೋಕನ್ ತಗೊಂಡಿದ್ದೀನಿ. ಟೀಚರ್ ಬರೆದದ್ದು ಓದಿ ಅಪ್ಪನ ಸ್ಟ್ರಿಪ್ ಎಣಿಸಿದೆ. ಎಂಟು ಉಳಿಯಬೇಕಿತ್ತು. ಹದಿನಾಲ್ಕು ಇವೆ.

ಸಕಲೇಶಪುರದವನು:
ತಂಗಿ, ಇವತ್ತೇ ಐಎನ್‌ಆರ್ ಮಾಡಿಸಿ, ಹೃದಯದ ಡಾಕ್ಟರಿಗೆ ಫೋನ್ ಮಾಡಿ. ಬಿಟ್ಟಿದ್ದನ್ನೆಲ್ಲ ಒಟ್ಟಿಗೆ ನುಂಗಿಸಬೇಡಿ. ನೋವಿಗೆ ಸದ್ಯ ಪ್ಯಾರಾಸಿಟಮಾಲ್ ಬಿಟ್ಟು ಬೇರೇನೂ ಬೇಡ, ಅದೂ ಅಳತೆ ಕೇಳಿಕೊಂಡು.

ಕಡೂರು:
ಲ್ಯಾಬಿನಲ್ಲಿ 450 ಕೇಳಿದರೆ ಕೊಡಬೇಡಿ. ನಮ್ಮ ಕಡೆ 250.

ಮೂಡಿಗೆರೆ ತೋಟ:
250ಕ್ಕೆ ಎಲ್ಲಿ ಮಾಡ್ತಾರೆ? ಸುಮ್ನೆ ಹೇಳಬೇಡಿ. ಆರು ವರ್ಷ ಕೊಟ್ಟಿದ್ದೀನಿ, 400ಕ್ಕೆ ಕಡಿಮೆ ಎಲ್ಲೂ ಇಲ್ಲ.