ಎಸ್‌ಟಿಪಿ ಫಿಲ್ಟರಿನ ಹಳೆಯ ಕಾರ್ಬನ್‌ಗೆ ಹಬೆ ಹಾಯಿಸಿದರೆ ಅದು ಮರುಬಳಕೆಗೆ ಬರುತ್ತದೆಯೇ?

ಪ್ರಶ್ನೆ (ಯಲಹಂಕ)
ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿಯಲ್ಲಿ (ಕೊಳಚೆ ನೀರಿನ ಶುದ್ಧೀಕರಣ ಘಟಕ) ಮರಳಿನ ಫಿಲ್ಟರಿನ ನಂತರ ಕಾರ್ಬನ್ ಫಿಲ್ಟರ್ ಇದ್ದು, ಅದರಲ್ಲಿ ಸುಮಾರು 300 ಕೆಜಿ ತೆಂಗಿನ ಚಿಪ್ಪಿನ ಕಾರ್ಬನ್ (ಕೊಳೆಯನ್ನು ತನ್ನ ರಂಧ್ರಗಳಲ್ಲಿ ಹಿಡಿದಿಡುವ ಇದ್ದಿಲು) ಇದೆ. ತುಂಬಿಸಿ ಎರಡು ವರ್ಷವಾಗಿದ್ದು, ಫ್ಲಶ್ ನೀರು ಈಗ ವಾಸನೆ ಬರುತ್ತಿದೆ. ನಾಲ್ಕು ಗಂಟೆ ಬಾಯ್ಲರ್ ಹಬೆ ಹಾಯಿಸಿದರೆ ಕಾರ್ಬನ್ ಹೊಸದರಂತಾಗುತ್ತದೆಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. ಸಮಿತಿ ಹಣ ಮಂಜೂರು ಮಾಡುವ ಮುನ್ನ ತಿಳಿದವರ ಅಭಿಪ್ರಾಯ ಬೇಕಾಗಿದೆ.

ಉತ್ತರ 1 (ಪೀಣ್ಯ)
ಹಬೆ ಎಂಬ ಒಂದೇ ಮಾತು ಎರಡು ಬೇರೆ ಕೆಲಸಗಳಿಗೆ ಬಳಕೆಯಲ್ಲಿರುವುದೇ ಈ ಗೊಂದಲಕ್ಕೆ ಕಾರಣ. ದ್ರಾವಕದ ಆವಿಯನ್ನು ಹಿಡಿದಿಟ್ಟ ಕಾರ್ಬನ್‌ಗೆ 110ರಿಂದ 130 ಡಿಗ್ರಿಯ ಹಬೆ ಸಾಕಾಗುತ್ತದೆ, ಏಕೆಂದರೆ ಅಲ್ಲಿ ಅಂಟಿಕೊಂಡಿರುವುದು ಬೇಗ ಆವಿಯಾಗುವ ವಸ್ತು. ಕೊಳಚೆ ನೀರಿನ ಸಾವಯವ ವಸ್ತುಗಳು ಹಾಗೆ ಬಿಟ್ಟುಹೋಗುವಂಥವಲ್ಲ. ಮೊದಲು ತೇವ ಆರಬೇಕು. ಕಾವು 600 ಡಿಗ್ರಿ ದಾಟುವ ಹೊತ್ತಿಗೆ ಒಂದಷ್ಟು ಭಾಗ ಹಾರಿಹೋಗಿ ಉಳಿದದ್ದು ರಂಧ್ರಗಳೊಳಗೇ ಕರಕಾಗುತ್ತದೆ. ಆ ಕರಕನ್ನು 800ರಿಂದ 950 ಡಿಗ್ರಿಯಲ್ಲಿ, ಗಾಳಿಯನ್ನು ಬಿಗಿಯಾಗಿ ತಡೆದ ಕುಲುಮೆಯೊಳಗೆ, ನೀರಾವಿಯು ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಆಗಿ ಮಾರ್ಪಡಿಸಿ ತೆಗೆಯಬೇಕು. ಗಾಳಿ ಹೆಚ್ಚು ನುಗ್ಗಿದರೆ ಕಾರ್ಬನ್ನೇ ಉರಿದು ಬೂದಿಯಾಗುತ್ತದೆ. ಎಲ್ಲ ಸರಿಯಾಗಿ ನಡೆದರೂ ಪ್ರತಿ ಸಲ ಶೇ. 5ರಿಂದ 15ರಷ್ಟು ಸರಕು ನಷ್ಟವಾಗುವುದುಂಟು.

ಮತ್ತೊಂದು ಮಾತು. ನಿಮ್ಮದು ಎಫ್‌ಆರ್‌ಪಿ (ಗಾಜಿನ ನಾರು ಸೇರಿಸಿದ ಪ್ಲಾಸ್ಟಿಕ್) ಟ್ಯಾಂಕ್ ಆಗಿದ್ದರೆ ಆ ಹಬೆಗೆ ಕಾರ್ಬನ್‌ಗಿಂತ ಮೊದಲು ಟ್ಯಾಂಕೇ ಹಾಳಾದೀತು.

ಉತ್ತರ 2 (ರಾಜಾಜಿನಗರ)
ಮೇಲಿನವರು ಹೇಳಿರುವುದು ಸರಿ. ಆದರೆ ವಾಸನೆಗೆ ಕಾರ್ಬನ್ನೇ ಕಾರಣವೆಂದು ಈಗಲೇ ತೀರ್ಮಾನಿಸಬೇಡಿ. ಫಿಲ್ಟರಿಗೆ ಬರುವ ನೀರನ್ನೂ ಹೊರಹೋಗುವ ನೀರನ್ನೂ ಎರಡು ಬಾಟಲಿಗಳಲ್ಲಿ ಹಿಡಿದು ಪಕ್ಕಪಕ್ಕ ಮೂಸಿ ನೋಡಿ, ಎರಡರ ಸಿಒಡಿಯನ್ನೂ (ನೀರಿನಲ್ಲಿರುವ ಸಾವಯವ ಕೊಳೆಯ ಅಳತೆ) ಪರೀಕ್ಷೆ ಮಾಡಿಸಿ. ಒಳಬರುವ ನೀರೇ ನಾರುತ್ತಿದ್ದರೆ ದೋಷ ಏರೇಷನ್ ಟ್ಯಾಂಕಿನಲ್ಲಿ, ಅಂದರೆ ಬ್ಲೋವರ್ ಕೊಳಚೆ ನೀರಿಗೆ ಗಾಳಿ ಊದುವ ತೊಟ್ಟಿಯಲ್ಲಿ, ಇರಬಹುದು. ಆಗ ಎಷ್ಟು ಕಾರ್ಬನ್ ಸುರಿದರೂ ಪ್ರಯೋಜನವಿಲ್ಲ. ಕಾರ್ಬನ್‌ನ ರಂಧ್ರಗಳಲ್ಲಿ ಕೊಳೆ ಎಷ್ಟು ತುಂಬಿದೆ ಎಂಬ ಅಂದಾಜಿಗೆ ಅದನ್ನು ಚೆನ್ನಾಗಿ ಒಣಗಿಸಿ ಒಂದು ಲೀಟರ್ ಅಳತೆ ತೂಗಬಹುದು. ಚಿಪ್ಪಿನ ಹೊಸ ಕಾರ್ಬನ್ 500 ಗ್ರಾಂ ಆಸುಪಾಸಿನಲ್ಲಿರುತ್ತದೆ, ತುಂಬಿದ್ದು ಹೆಚ್ಚು ತೂಗುತ್ತದೆ. ಖಚಿತವಾಗಬೇಕಾದರೆ ಅಯೋಡಿನ್ ಸಂಖ್ಯೆಯ (ಕಾರ್ಬನ್‌ನ ಹೀರುವ ಶಕ್ತಿಯ ಅಳತೆ) ಪರೀಕ್ಷೆಯೇ ಆಗಬೇಕು.

ಮಾದರಿ ತೆಗೆಯಲೆಂದು ಯಾರನ್ನೂ ಟ್ಯಾಂಕಿನೊಳಗೆ ಇಳಿಸಬೇಡಿ. ಒದ್ದೆ ಕಾರ್ಬನ್ ಮುಚ್ಚಿದ ಜಾಗದ ಆಮ್ಲಜನಕವನ್ನು ಹೀರಿಕೊಳ್ಳುವುದರಿಂದ ಇಳಿದವರು ಉಸಿರುಗಟ್ಟಿ ಬೀಳುವ ಅಪಾಯವಿದೆ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಉದ್ದ ಹಿಡಿಯ ಸೌಟಿನಿಂದ ಮೇಲಿನಿಂದಲೇ ಮಾದರಿ ತೆಗೆಸಿ, ಒಣಗಿಸಿ ತೂಗಿದಾಗ ಲೀಟರಿಗೆ 610 ಗ್ರಾಂ ಬಂತು. ಒಳಬರುವ ನೀರಿಗೂ ವಾಸನೆಯಿದೆ. ಟ್ಯಾಂಕ್ ಎಫ್‌ಆರ್‌ಪಿಯದ್ದೇ ಆದ್ದರಿಂದ ಹಬೆಯ ಪ್ರಸ್ತಾಪವನ್ನು ಕೈಬಿಟ್ಟಿದ್ದೇವೆ. ಮೊದಲು ಬ್ಲೋವರ್ ದುರಸ್ತಿ ಮಾಡಿಸಿ, ಆಮೇಲೆ ಕಾರ್ಬನ್ ಬದಲಾಯಿಸುತ್ತೇವೆ. ಇನ್ನೊಂದು ಸಂಗತಿ: 300 ಕೆಜಿಯಷ್ಟು ಅಲ್ಪ ಪ್ರಮಾಣವನ್ನು ಕುಲುಮೆಯವರು ಪ್ರತ್ಯೇಕವಾಗಿ ಸುಟ್ಟುಕೊಡುತ್ತಾರೆಯೇ?

ಉತ್ತರ 1 (ಪೀಣ್ಯ)
ಇಷ್ಟು ಸರಕಿಗಾಗಿ ಕುಲುಮೆ ಕಾಯಿಸುವುದು ಯಾರಿಗೂ ಗಿಟ್ಟದು. ಬೇರೆಯವರ ಸರಕಿನೊಡನೆ ಬೆರೆಸಿ ಸುಟ್ಟರೆ ಯಾವ ಕಾರ್ಖಾನೆಯಲ್ಲಿ ಬಳಸಿದ ಕಾರ್ಬನ್ ನಿಮ್ಮ ಫಿಲ್ಟರಿಗೆ ಬರುತ್ತದೆಂದು ಹೇಳಲಾಗದು. ಹೊಸದನ್ನೇ ಕೊಳ್ಳಿ, ಅಯೋಡಿನ್ ಸಂಖ್ಯೆಯ ವರದಿಯನ್ನು ಬಿಲ್ಲಿನ ಜೊತೆಗೇ ಕೇಳಿ ಪಡೆಯಿರಿ.