"ಅರ್ಥ ಆಯ್ತು ಮೇಡಂ" ಅಂದವರ ಹಾಳೆ ಮೂರು ವಾರಕ್ಕೆ ಖಾಲಿ: ಏನು ಬದಲಿಸಲಿ?

ಪ್ರಶ್ನೆ: ಹತ್ತನೇ ತರಗತಿ, 45 ಮಕ್ಕಳು, 40 ನಿಮಿಷದ ಪೀರಿಯಡ್, ಪ್ರೊಜೆಕ್ಟರ್ ಇಲ್ಲ. ದ್ಯುತಿಸಂಶ್ಲೇಷಣೆ ಪಾಠ ಮುಗಿದ ದಿನ ಎಲ್ಲರಿಗೂ ಗೊತ್ತು; ಮೂರು ವಾರ ಬಿಟ್ಟು ಕೊಟ್ಟ ಕಿರು ಪರೀಕ್ಷೆಯಲ್ಲಿ ಯಾರಿಗೂ ನೆನಪಿಲ್ಲ. ಮೆದುಳು ಕಲಿಯುವ ಬಗೆ ಬಲ್ಲವರು ದಾರಿ ಹೇಳಿ.

ವಿಜ್ಞಾನ ಶಿಕ್ಷಕ: ಮೇಡಂ, ಮತ್ತೆ ಮತ್ತೆ ಓದಿಸುವುದನ್ನು ಬಿಡಿ, ಪುಸ್ತಕ ಮುಚ್ಚಿಸಿ ಬರೆಸಿ. ಪೀರಿಯಡ್‌ನ ಮೊದಲ 6 ನಿಮಿಷ ಸಾಕು. ಹಲಗೆ ಮೇಲೆ 4 ಪ್ರಶ್ನೆ: ಎರಡು ನಿನ್ನೆಯವು, ಒಂದು ಹೋದ ವಾರದ್ದು, ಒಂದು ಹೋದ ತಿಂಗಳದ್ದು. 3 ನಿಮಿಷ ರಫ್ ನೋಟ್‌ಬುಕ್‌ನಲ್ಲಿ ಸದ್ದಿಲ್ಲದೆ ಬರೆಯಲಿ, ಇನ್ನು 3 ನಿಮಿಷ ಬೇರೆ ಬಣ್ಣದ ಪೆನ್ನಲ್ಲಿ ತಾವೇ ತಿದ್ದಿಕೊಳ್ಳಲಿ. ಅಂಕ ಬೇಡ, ಕೊಟ್ಟ ದಿನವೇ ಪಕ್ಕದವರ ನೋಟ್‌ಬುಕ್ ಇಣುಕುವುದು ಶುರು. "ದ್ಯುತಿಸಂಶ್ಲೇಷಣೆ ಎಂದರೇನು?" ಅಂದರೆ ಬಾಯಿಪಾಠದ ಸಾಲು ಬರುತ್ತದೆ. "ಎಲೆಯ ಕೆಳಮೈಗೆ ವ್ಯಾಸಲೀನ್ ಬಳಿದರೆ ಏನಾದೀತು, ಯಾಕೆ?" ಅನ್ನಿ. ಪತ್ರರಂಧ್ರ (ಗಾಳಿ ಒಳಹೋಗುವ ಎಲೆಯ ಸಣ್ಣ ರಂಧ್ರ), ಇಂಗಾಲದ ಡೈಆಕ್ಸೈಡ್ ಎರಡನ್ನೂ ತಲೆಯಿಂದ ತೆಗೆಯದೆ ಉತ್ತರ ಆಗುವುದಿಲ್ಲ.

ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಉಪನ್ಯಾಸಕಿ: ಮಕ್ಕಳು ಸುಳ್ಳು ಹೇಳುತ್ತಿಲ್ಲ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, 5 ನಿಮಿಷದ ನಂತರ ಕೇಳಿದಾಗ ಮತ್ತೊಮ್ಮೆ ಓದಿದವರೇ ಮುಂದಿದ್ದರು (ಅವರಿಗೆ ಶೇ. 81 ನೆನಪಿತ್ತು, ನೋಡದೆ ಬರೆದವರಿಗೆ ಶೇ. 75). ವಾರ ಕಳೆದ ಮೇಲೆ ನೋಡದೆ ಬರೆದವರಿಗೆ ನೆನಪಿದ್ದದ್ದು ಶೇ. 56, ಮತ್ತೆ ಓದಿದವರಿಗೆ ಶೇ. 42. ಪಾಠ ಮುಗಿದ ಕೂಡಲೇ ಕೇಳುವ "ಅರ್ಥ ಆಯ್ತಾ?" ಹೀಗೇ ಮೋಸ ಮಾಡುತ್ತದೆ.

ಇನ್ನೊಂದು, ಹಲಗೆಯ ಚಿತ್ರ. ಹೊಸ ಸಂಗತಿಗಳು ಒಮ್ಮೆಗೆ ಮೂರು-ನಾಲ್ಕಕ್ಕಿಂತ ಹೆಚ್ಚು ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಎಲೆಯ ಅಡ್ಡಸೀಳಿಕೆಗೆ 1, 2, 3 ಅಂತ ಗುರುತು ಹಾಕಿ ಹೆಸರುಗಳನ್ನು ಕೆಳಗೆ ಬರೆದರೆ, ಕಣ್ಣು ಮೇಲೆ ಕೆಳಗೆ ಓಡಾಡುವುದರಲ್ಲೇ ಆ ಜಾಗ ಖರ್ಚು. ಹೆಸರನ್ನು ಭಾಗದ ಪಕ್ಕದಲ್ಲೇ ಬರೆಯಿರಿ, ಒಂದೊಂದಾಗಿ, ವಿವರಿಸುತ್ತಾ. ಎಡ ಮೆದುಳಿನ ಮಗು, ಬಲ ಮೆದುಳಿನ ಮಗು ಅಂತ ತರಬೇತಿಯಲ್ಲಿ ಕೊಡುವ ಪಟ್ಟಿಯನ್ನು ಮಡಚಿಟ್ಟರೂ ನಷ್ಟವಿಲ್ಲ.

ಗಣಿತ ಶಿಕ್ಷಕಿ: ಗಣಿತಕ್ಕೆ ಬೆರಕೆ ಲೆಕ್ಕ ಕೊಡಿ. ಒಂದೇ ಅಭ್ಯಾಸದಲ್ಲಿ ಹತ್ತೂ ಲೆಕ್ಕ ಶಂಕುವಿನದ್ದೇ ಆದರೆ ಯಾವ ಸೂತ್ರ ಅಂತ ಯೋಚಿಸುವ ಕೆಲಸವೇ ಇಲ್ಲ. ಸಿಲಿಂಡರ್, ಶಂಕು, ಗೋಳ ಮೂರನ್ನೂ ಬೆರೆಸಿ 6 ಲೆಕ್ಕ ಕೊಡಿ. ಆದರೆ ಪ್ರತಿಯೊಂದರಲ್ಲೂ ಮೂರ್ನಾಲ್ಕು ಬಿಡಿಸಿದ ಮೇಲೆಯೇ; ಮೊದಲ ದಿನವೇ ಬೆರೆಸಿದರೆ ಗೊಂದಲ. ಆರಂಭದಲ್ಲಿ ತಪ್ಪು ಹೆಚ್ಚುತ್ತವೆ, ಹೆದರಿ ನಿಲ್ಲಿಸಬೇಡಿ.

ಪ್ರಶ್ನೆ ಕೇಳಿದವರು: ಹಲಗೆಯ ನಾಲ್ಕೂ ಪ್ರಶ್ನೆ ಖಾಲಿ ಬಿಡುವ ಮಕ್ಕಳಿಗೆ?

ವಿಜ್ಞಾನ ಶಿಕ್ಷಕ: ಅರ್ಧ ತುಂಬಿ ಕೊಡಿ: ಇಂಗಾಲದ ಡೈಆಕ್ಸೈಡ್ + ____ → ಗ್ಲೂಕೋಸ್ + ____. ಎರಡು ದಿನ ಬಿಟ್ಟು ಎಡಬದಿ ಪೂರ್ತಿ ಅಳಿಸಿ. ಬಾಯಲ್ಲಿ ಕೇಳುವಾಗ ಮೊದಲು ಪ್ರಶ್ನೆ, ಕನಿಷ್ಠ 3 ಸೆಕೆಂಡ್ ಮೌನ, ಆಮೇಲೆ ಹೆಸರು. ಹೆಸರು ಮೊದಲು ಕರೆದರೆ ಉಳಿದ 44 ಮಂದಿ ಆರಾಮಾಗುತ್ತಾರೆ.