ಗಂಡಸು ಸೀರೆ ಉಟ್ಟು ಕುಣಿದರೆ ಕಲೆ, ಹುಡುಗಿ ಕುಣಿದರೆ ಕುಂದು: ಇದು ಎಲ್ಲಿಂದ ಬಂತು?

ನೀರ್ಚಾಲಿನವಳು (ಪ್ರಶ್ನೆ):
5ನೇ ಕ್ಲಾಸಿನಲ್ಲಿದ್ದಾಗ ವಾರ್ಷಿಕೋತ್ಸವದ ಡ್ಯಾನ್ಸಿಗೆ ನನ್ನನ್ನು ಆರಿಸಿದ್ದರು. ಟೀಚರ್ ಕೊಟ್ಟ ಗೆಜ್ಜೆಯನ್ನು ಮನೆಗೆ ತಂದೆ. ಅಜ್ಜಿ ಅದನ್ನು ಕಾಲಿನಿಂದ ಬಿಚ್ಚಿಸಿ ಪತ್ತಾಯದೊಳಗೆ (ಭತ್ತ ತುಂಬಿಡುವ ಮರದ ಪೆಟ್ಟಿಗೆ) ಹಾಕಿ ಬೀಗ ಜಡಿದರು. "ಮರ್ಯಾದೆಯ ಮನೆಯ ಕೂಸುಗೊ ಕೊಣಿವಲಾಗ" (ಹುಡುಗಿಯರು ಕುಣಿಯಬಾರದು) ಅಂದರು, ಅಷ್ಟೇ. ಅದೇ ಅಜ್ಜಿ ಗದ್ದೆಯಲ್ಲಿ ಯಕ್ಷಗಾನ ಬಯಲಾಟ ಇದ್ದರೆ ಚಾಪೆ ಹಿಡಿದುಕೊಂಡು ಹೋಗಿ ಬೆಳಗಿನವರೆಗೆ ಕೂರುತ್ತಿದ್ದರು. ಭಸ್ಮಾಸುರ ಮೋಹಿನಿಯ ಸ್ತ್ರೀವೇಷವನ್ನು ವಾರಗಟ್ಟಲೆ ಹೊಗಳುತ್ತಿದ್ದರು. ಈಗ ನನ್ನ ಮಗಳು ಶಾಲೆಗಳ ಉಪಜಿಲ್ಲಾ ಕಲೋತ್ಸವದ ಭರತನಾಟ್ಯಕ್ಕೆ ತಯಾರಾಗುತ್ತಿದ್ದಾಳೆ. ಅವಳ ಗೆಜ್ಜೆ ಸದ್ದು ಕೇಳಿದಾಗೆಲ್ಲ ಆ ಬೀಗ ನೆನಪಾಗುತ್ತದೆ. ಅಜ್ಜಿ ಕೆಟ್ಟವರಲ್ಲ. ಅವರಿಗೆ ಯಾವುದರ ಹೆದರಿಕೆ ಇತ್ತು?

ಹೊಸೂರಿನಿಂದ:
ಅಕ್ಕಾ, 1956ರವರೆಗೆ ನಿಮ್ಮ ಕಾಸರಗೋಡು ತಾಲೂಕು ಮದ್ರಾಸಿಗೇ ಸೇರಿತ್ತಲ್ಲ, ಹಾಗಾಗಿ ನಿಮ್ಮ ಕಥೆಯೂ ನಮ್ಮದೂ ಒಂದೇ. ಇಂದಿನ ಭರತನಾಟ್ಯ ಆಗ ಸದಿರ್. ಅದನ್ನು ಆಡುತ್ತಿದ್ದವರು ದೇವದಾಸಿಯರು. 1890ರ ದಶಕದಲ್ಲಿ ಸುಧಾರಕರು ಮದುವೆ, ಔತಣಗಳಿಗೆ ಅವರನ್ನು ಕರೆಯಲೇಬಾರದೆಂದು ಚಳವಳಿ ಹೂಡಿದರು. 1935ರಲ್ಲಿ ಬ್ರಾಹ್ಮಣ ಮನೆತನದ ರುಕ್ಮಿಣಿ ದೇವಿ ಮದ್ರಾಸಿನ ಅಡ್ಯಾರಿನಲ್ಲಿ ವೇದಿಕೆ ಏರಿದ ಮೇಲೆ ಮೇಲ್ಜಾತಿ ಮನೆಗಳಲ್ಲಿ ಅದೇ ಕುಣಿತಕ್ಕೆ ಮರ್ಯಾದೆ ಬಂತು. ಮತ್ತೆ 1947ರ ಮದ್ರಾಸ್ ಕಾನೂನು ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ನಿಲ್ಲಿಸಿತು. ಅದು ಬೇಕೇ ಬೇಕಿತ್ತು. ಆದರೆ ದೇವಸ್ಥಾನದ ಆವರಣದಲ್ಲಿ ಹೆಂಗಸರು ಕುಣಿಯುವುದನ್ನೂ ಅದೇ ಕಾನೂನು ನಿಷೇಧಿಸಿತು. ಕಲಿಸಿದವರು ಹೊರಗೆ, ಕಲಿತವರು ವೇದಿಕೆಯ ಮೇಲೆ. ನನಗೆ ಇದು ಈಗಲೂ ಹೊಟ್ಟೆ ಉರಿಸುತ್ತದೆ.

ಅಕ್ಕಲಕೋಟೆಯವ:
ನೀವು ಮೋಹಿನಿ ಅಂದಿರಿ, ಅದಕ್ಕೇ ಬರೀತಿದ್ದೀನಿ. 1913ರಲ್ಲಿ ಫಾಳ್ಕೆಯವರ ಹರಿಶ್ಚಂದ್ರ ಚಿತ್ರಕ್ಕೆ ಹೆಂಗಸರೇ ಸಿಗಲಿಲ್ಲ, ಕುಣಿಯೋ ವೃತ್ತಿಯವರೂ ಒಲ್ಲೆ ಅಂದರು. ಕೊನೆಗೆ ಹೋಟೆಲಿನಲ್ಲಿ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ ತಾರಾಮತಿಯಾದರು. ಮುಂದಿನ ಚಿತ್ರದಲ್ಲಿ ಮೋಹಿನಿಯಾಗಿ ಬಂದಾಕಿ ಕಮಲಾಬಾಯಿ, ಪಾರ್ವತಿಯಾಗಿ ಅವರ ತಾಯಿ ದುರ್ಗಾಬಾಯಿ. ಇನ್ನು ನಮ್ಮ ಮಹಾರಾಷ್ಟ್ರದಲ್ಲಿ 2005ರಲ್ಲಿ ಡ್ಯಾನ್ಸ್ ಬಾರ್ ಬಂದ್ ಮಾಡಿದಾಗ ತ್ರೀ ಸ್ಟಾರ್ ಮತ್ತು ಅದಕ್ಕಿಂತ ಮೇಲಿನ ಹೋಟೆಲಿಗೆ ವಿನಾಯಿತಿ ಇತ್ತು. 2013ರಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧ ನಿಲ್ಲೋದಿಲ್ಲ ಅಂತು. ಅಷ್ಟರೊಳಗೆ ಎಷ್ಟೋ ಹೆಣ್ಣುಮಕ್ಕಳ ಹೊಟ್ಟೆಪಾಡು ಹೋಗಿತ್ತು. ಕುಣಿತ ಯಾರಿಗೂ ಬ್ಯಾಡಾಗಿಲ್ರಿ, ಕುಣಿಯೋ ಹೆಣ್ಣು ಯಾರ ಮನಿಯಾಕಿ ಅನ್ನೋದೇ ಲೆಕ್ಕ.

ನೀರ್ಚಾಲಿನವಳು:
ಇಬ್ಬರದ್ದನ್ನೂ ಅಮ್ಮನಿಗೆ ಓದಿ ಹೇಳಿದೆ. ಅವರು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಒಂದು ಮಾತು ಹೇಳಿದರು. ಅಜ್ಜಿ ಚಿಕ್ಕವರಿದ್ದಾಗ ಊರ ದೇವಸ್ಥಾನದಲ್ಲಿ ಕುಣಿಯುತ್ತಿದ್ದ ಒಬ್ಬರು ಜಾತ್ರೆ ಮುಗಿದ ಮೇಲೆ ಮನೆಗೆ ಬರುತ್ತಿದ್ದರಂತೆ. ಜಗಲಿಯಲ್ಲಿ ಮಣೆ ಹಾಕಿ, ಬೆಲ್ಲ ನೀರು ಕೊಟ್ಟು, ಅಕ್ಕಿ, ತೆಂಗಿನಕಾಯಿ ಕೊಡುತ್ತಿದ್ದರು. ಅವರು ಮೆಟ್ಟಿಲಿಳಿದ ಮೇಲೆ ಆ ಮಣೆಯನ್ನು ತೊಳೆಯುವುದು ಅಜ್ಜಿಯ ಕೆಲಸವಾಗಿತ್ತಂತೆ. ಆ ಹೆಂಗಸಿನ ಹೆಸರು ಅಮ್ಮನಿಗೆ ಗೊತ್ತಿಲ್ಲ. ಬದಿಯಡ್ಕದಲ್ಲಿರುವ ದೊಡ್ಡಮ್ಮನಿಗೆ ನೆನಪಿರಬಹುದು, ಆದಿತ್ಯವಾರ ಹೋಗಿ ಕೇಳುತ್ತೇನೆ.